ನೆಲಕ್ಕಂಟಿದ ನೀಲಿ ಹೂವಿಗೆ ಗೊಬ್ಬರ ಬೇಡ

ಪ್ರಶ್ನೆ: ಮೇಡಂ, ನಮಸ್ಕಾರ. ಮನೆ ಮುಂದೆ ಚಿಕ್ಕದೊಂದು ರಾಕ್ ಗಾರ್ಡನ್ ಮಾಡಿದ್ದೇನೆ. ಬಯಲಲ್ಲಿ ತಾನಾಗಿ ಬೆಳೆದಿದ್ದ ವಿಷ್ಣುಕ್ರಾಂತಿಯನ್ನು ಮಣ್ಣಿನ ಸಮೇತ ಅಗೆದು ತಂದು ಕಲ್ಲುಗಳ ಮಧ್ಯೆ ನೆಟ್ಟೆ. ಎರೆಗೊಬ್ಬರ ಹಾಕಿ ದಿನಾ ನೀರು ಕೊಟ್ಟೆ. ವಾರದೊಳಗೆ ಒಣಗಿತು. ಇನ್ನೊಂದು ತಂದೆ, ಅದೂ ಹಾಗೇ ಆಯಿತು. ಇದು ಮನೆಯಲ್ಲಿ ಬೆಳೆಸುವ ಗಿಡ ಅಲ್ವೇ ಅಲ್ವಾ?

ಉತ್ತರ: ಬೆಳೆಸಬಹುದು, ಧಾರಾಳವಾಗಿ. ಅಗೆದು ತರುವುದನ್ನು ಮಾತ್ರ ಬಿಡಿ. ಮೇಲಿನಿಂದ ನೋಡಿದರೆ ಅಂಗೈಯಗಲದ ಗಿಡ, ದಾರದಷ್ಟು ಸಣ್ಣ ಕಾಂಡ. ಕೆಳಗೆ ಕಟ್ಟಿಗೆಯಂತೆ ಗಟ್ಟಿಯಾದ ಬೇರು ನೇರವಾಗಿ ಇಳಿದಿರುತ್ತದೆ. ನೀವು ಗುದ್ದಲಿ ಹಾಕಿದಾಗ ತಾಯಿಬೇರು ಅಲ್ಲೇ ತುಂಡಾಗಿದೆ. ನೆಲದ ಮೇಲೆ ಹರಡಿದ ಕಾಂಡಗಳು ಗರಿಕೆಯ ಥರ ಗೆಣ್ಣು ಗೆಣ್ಣಿಗೂ ಬೇರು ಕೊಡುವಂಥವಲ್ಲ, ಎಲ್ಲವೂ ಒಂದೇ ಬುಡದಿಂದ ಹೊರಟವು. ಬುಡ ಹೋದರೆ ಇಡೀ ಗಿಡವೇ ಹೋಯಿತು. ಅರ್ಧ ಬೇರಿನ ಗಿಡಕ್ಕೆ ದಿನಾ ನೀರು, ಮೇಲೆ ಎರೆಗೊಬ್ಬರ. ಅದು ಬದುಕಿದ್ದರೇ ಆಶ್ಚರ್ಯ.

ಬಯಲಿನ ಗಿಡ ಬಯಲಲ್ಲೇ ಇರಲಿ. ಬೀಜ ತನ್ನಿ. ಹೂವು ಬಾಡಿದ ಮೇಲೆ ಕೂದಲೆಳೆಯಂಥ ತೊಟ್ಟಿನ ತುದಿಯಲ್ಲಿ ಪುಟ್ಟ ಗುಂಡು ಕಾಯಿ ಕೂರುತ್ತದೆ. ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ಬಂದಾಗ ಕೀಳಿ. ತಡ ಮಾಡಿದರೆ ಕಾಯಿ ನಾಲ್ಕಾಗಿ ಬಿರಿದು ಬೀಜ ನೆಲದ ಪಾಲಾಗುತ್ತದೆ. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಸಿಪ್ಪೆ ಗಟ್ಟಿ, ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ನಾನು ನಯವಾದ ಸ್ಯಾಂಡ್‌ಪೇಪರನ್ನು ಮಡಚಿ, ಬೀಜವನ್ನು ಮಧ್ಯೆ ಇಟ್ಟು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜುತ್ತೇನೆ. ಮೇಲಿನ ಹೊಳಪು ಹೋದರೆ ಸಾಕು, ಒಳಗಿನ ಬಿಳಿ ಕಾಣುವಷ್ಟು ಉಜ್ಜಬೇಡಿ. ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಕೆಲವು ಉಬ್ಬುತ್ತವೆ. ಉಬ್ಬದವನ್ನು ಮತ್ತೆ ಉಜ್ಜಿ. ಬಿತ್ತುವುದು ಗಿಡ ಇರಬೇಕಾದ ಜಾಗದಲ್ಲೇ. ಟ್ರೇಯಲ್ಲಿ ಬೆಳೆಸಿ ಕೀಳಲು ಹೋದರೆ ಮತ್ತೆ ಬೇರಿನ ಗೋಳೇ.

ಇನ್ನು ಮಣ್ಣು. ಎರೆಗೊಬ್ಬರ ಬೆರೆಸಿದ್ದನ್ನು ಆ ಜಾಗದಿಂದ ತೆಗೆದುಬಿಡಿ. ಎರಡು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಒಂದು ಪಾಲು ಕೆಮ್ಮಣ್ಣು, ಅಷ್ಟೇ. ಎಂ-ಸ್ಯಾಂಡ್ ಆದರೆ ತೊಳೆದು ಹಾಕಿ, ಅದರಲ್ಲಿರುವ ಕಲ್ಲಿನ ಹುಡಿ ನೀರು ಕುಡಿದು ಬಿಗಿದುಕೊಳ್ಳುತ್ತದೆ. ಗೊಬ್ಬರ ಸಿಕ್ಕಿದ ಗಿಡ ನೆಲ ಬಿಟ್ಟು ಎದ್ದು ನಿಲ್ಲುತ್ತದೆ, ಎಲೆ ಜಾಸ್ತಿ, ಹೂವು ಕಡಿಮೆ. ನೋಡಲಿಕ್ಕೂ ಚೆಂದವಿಲ್ಲ. ಬಡ ಮಣ್ಣು, ಪೂರ್ತಿ ಬಿಸಿಲು ಕೊಡಿ. ಆಗ ಅದೇ ಗಿಡ ಕಲ್ಲಿಗೆ ಅಂಟಿಕೊಂಡು ಹರಡುತ್ತದೆ.

ಕಲ್ಲು ಕೂರಿಸುವುದರಲ್ಲೇ ಅರ್ಧ ಕೆಲಸ ಇದೆ. ಸುಮ್ನೆ ಮಣ್ಣಿನ ಮೇಲೆ ಇಟ್ಟ ಕಲ್ಲು ಬಿಸಿಯಾಗುವುದೊಂದೇ ಲಾಭ. ಮೂರನೇ ಒಂದು ಭಾಗವಾದರೂ ಮಣ್ಣೊಳಗೆ ಹೋಗಲಿ, ಮೇಲ್ಮೈ ಸ್ವಲ್ಪ ಹಿಂದಕ್ಕೆ ವಾಲಿರಲಿ. ಬಿದ್ದ ಮಳೆ ಕಲ್ಲಿನ ಹಿಂದೆ ಇಳಿದು ಬೇರಿಗೆ ಸೇರುತ್ತದೆ. ಕಲ್ಲಿನಡಿಯ ಮಣ್ಣು ಬೇಗ ಒಣಗುವುದಿಲ್ಲ, ಬೇರು ಅಲ್ಲಿಗೇ ಹೋಗುತ್ತದೆ. ಬುಡದ ಸುತ್ತ ಎರಡು ಬೆರಳು ದಪ್ಪ ಜಲ್ಲಿ ಹಾಕಿ. ಕೊಳೆ ಶುರುವಾಗುವುದು ಬುಡದಲ್ಲೇ, ಅಲ್ಲಿ ನೀರು ನಿಲ್ಲಬಾರದು. ಮೊಳಕೆ ಬಂದ ಮೊದಲ ದಿನಗಳಲ್ಲಿ ತೇವ ಇರಲಿ. ಆಮೇಲೆ ಮಣ್ಣು ಪೂರ್ತಿ ಒಣಗಿದ ಮೇಲೇ ನೀರು. ಕಡು ಬೇಸಿಗೆಯಲ್ಲಿ ಕಾಂಡ ಒಣಗಿ ಕಡ್ಡಿಯಾದರೆ ಸತ್ತಿತು ಎಂದು ಕಿತ್ತು ಎಸೆಯಬೇಡಿ. ಬೇರು ಬದುಕಿದ್ದರೆ ಮಳೆ ಬಿದ್ದಾಗ ಬುಡದಿಂದ ಚಿಗುರುತ್ತದೆ.

ಪ್ರಶ್ನೆ: ನರ್ಸರಿಯಲ್ಲಿ ವಿಷ್ಣುಕ್ರಾಂತಿ ಎಂದೇ ಕೊಟ್ಟರು. ನೀಲಿ ಹೂವೇ, ಆದರೆ ತುಂಬಾ ದೊಡ್ಡದು. ಗಿಡ ಪೊದೆಯಾಗುತ್ತಿದೆ. ಮೋಸ ಹೋದೆನಾ?

ಉತ್ತರ: ಮೋಸ ಅನ್ನಲಾರೆ, ಅದು ಇದರ ದಾಯಾದಿ. ಬ್ರೆಜಿಲ್ ಕಡೆಯ ಎವಾಲ್ವುಲಸ್ ಗ್ಲೊಮೆರೇಟಸ್ ಇರಬೇಕು, ನರ್ಸರಿಗಳಲ್ಲಿ ಸಾಮಾನ್ಯ. ನಮ್ಮದು ಎವಾಲ್ವುಲಸ್ ಆಲ್ಸಿನಾಯ್ಡಿಸ್. ಹೂವನ್ನು ಹತ್ತಿರದಿಂದ ನೋಡಿ. ನಮ್ಮದರ ಹೂವು ಒಂದು ಸೆಂಟಿಮೀಟರನ್ನೂ ದಾಟುವುದು ಕಷ್ಟ, ಉದ್ದನೆಯ ಎಳೆ ತೊಟ್ಟಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಬ್ರೆಜಿಲಿನದು ಅದರ ಎರಡರಷ್ಟಿದ್ದು, ತೊಟ್ಟೇ ಇಲ್ಲವೇನೋ ಎಂಬಂತೆ ಎಲೆಗಳ ಸಂದಿಯಲ್ಲಿ ಒತ್ತಾಗಿ ಕೂತಿರುತ್ತದೆ. ಎರಡನ್ನೂ ಅಕ್ಕಪಕ್ಕ ನೆಡಬೇಡಿ, ದೊಡ್ಡದು ಚಿಕ್ಕದರ ಬಿಸಿಲು ಕಸಿಯುತ್ತದೆ. ಕುಂಡದಲ್ಲಿಟ್ಟರೆ ಅದೂ ಒಳ್ಳೆಯ ಗಿಡವೇ. ನನಗೆ ಮಾತ್ರ ಆ ಪುಟ್ಟ ಹೂವಿನ ಮೇಲೇ ಪ್ರೀತಿ.

ಪ್ರಶ್ನೆ: ಇದು ಬೆಳಗಿನ ನೀಲಿ ಹೂಬಳ್ಳಿಯ ಕುಟುಂಬದ್ದಂತೆ. ಹಬ್ಬಲು ಕಡ್ಡಿ ನಿಲ್ಲಿಸಬೇಕೇ?

ಉತ್ತರ: ಬೇಡ. ಕುಟುಂಬ ಅದೇ, ಗೆಣಸೂ ಅದೇ ಮನೆಯದು. ಇದು ಮಾತ್ರ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಸಸ್ಯಶಾಸ್ತ್ರಜ್ಞ ಲಿನೇಯಸ್ ಕೂಡ 1753ರಲ್ಲಿ ಇದನ್ನು ಇದೇ ಕುಟುಂಬದ ಕನ್ವಾಲ್ವುಲಸ್ ಎಂಬ ಗುಂಪಿಗೇ ಸೇರಿಸಿದ್ದ, 1762ರಲ್ಲಿ ಬೇರೆ ಮಾಡಿದ. ಕಡ್ಡಿಯ ಬದಲು ಅಂಚಿನಲ್ಲೊಂದು ಚಪ್ಪಟೆ ಕಲ್ಲು ಇಡಿ. ಅದರ ಮೇಲಿಂದ ಇಳಿಬೀಳುತ್ತದೆ.

ಪ್ರಶ್ನೆ: ನಾನು ಕೆಲಸದಿಂದ ಬರುವಾಗ ಸಂಜೆ. ಒಂದು ಹೂವೂ ಕಾಣುವುದಿಲ್ಲ. ಮೊಗ್ಗು ಉದುರುತ್ತಿದೆಯಾ?

ಉತ್ತರ: ಇಲ್ಲ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮರುದಿನ ಬೇರೆ ಹೂವು. ರಜೆಯ ದಿನ ಬೆಳಿಗ್ಗೆ ನೋಡಿ. ಸಂಜೆಗೇ ಹೂವು ಬೇಕೆಂದರೆ ಬೇರೆ ಗಿಡ ಹುಡುಕಬೇಕು, ಇದನ್ನು ಒಪ್ಪಿಸಲು ಆಗದು.

ಪ್ರಶ್ನೆ: ಹುಲ್ಲುಹಾಸಿನ ಬದಲು ಇದನ್ನೇ ಬೆಳೆಸಬಹುದೇ? ಮಕ್ಕಳು ಓಡಾಡುವ ಜಾಗ.

ಉತ್ತರ: ಓಡಾಡಿದರೆ ಬುಡ ಮುರಿಯುತ್ತದೆ, ಮತ್ತೆ ಹಾಸಾಗುವುದಿಲ್ಲ. ಆ ಜಾಗಕ್ಕೆ ನೆಲಹಿಪ್ಪಲಿ ವಾಸಿ. ಗೆಣ್ಣು ಗೆಣ್ಣಿಗೂ ಬೇರು ಬಿಡುವುದರಿಂದ ಅಷ್ಟಿಷ್ಟು ತುಳಿತ ತಾಳುತ್ತದೆ. ಆದರೆ ಅದಕ್ಕೆ ನೀರು ಬೇಕು. ಹೂವಿಗೆ ಜೇನು ಬರುತ್ತದೆ, ಬರಿಗಾಲಲ್ಲಿ ಓಡುವ ಮಕ್ಕಳಿದ್ದರೆ ಅದೂ ಗಮನದಲ್ಲಿರಲಿ. ಪಕ್ಕದಲ್ಲೇ ರಾಕ್ ಗಾರ್ಡನ್ ಇದ್ದರೆ ನಡುವೆ ಅಂಚುಕಲ್ಲು ಹೂತು ತಡೆ ಮಾಡಿ. ಇಲ್ಲದಿದ್ದರೆ ನೆಲಹಿಪ್ಪಲಿ ಕಲ್ಲುಗಳ ಸಂದಿಗೂ ನುಗ್ಗುತ್ತದೆ, ಆಮೇಲೆ ಪ್ರತಿ ವಾರ ಕೂತು ಕೀಳಬೇಕಾದೀತು.