ಎಂಜಿನಿಯರಿಂಗೂ ಬೇಕು, ವೈದ್ಯಕೀಯವೂ ಬೇಕು: ಕಾಲೇಜನ್ನು ಆರಿಸುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿ 16 ವರ್ಷಗಳಾದವು. ಹನ್ನೊಂದನೆಯ ತರಗತಿಯಲ್ಲಿರುವ ನಮ್ಮ ಮಗಳಿಗೆ ಬಯೋಮೆಡಿಕಲ್ ಎಂಜಿನಿಯರಿಂಗ್ (ವೈದ್ಯಕೀಯಕ್ಕೆ ಬೇಕಾದ ಉಪಕರಣ, ತಂತ್ರಜ್ಞಾನಗಳ ಎಂಜಿನಿಯರಿಂಗ್) ಓದಿ, ಆಮೇಲೆ ವೈದ್ಯೆಯಾಗಬೇಕೆಂಬ ಆಸೆ ಇದೆ. ಜಾನ್ಸ್ ಹಾಪ್ಕಿನ್ಸ್, ಡ್ಯೂಕ್, ರೈಸ್, ಜಾರ್ಜಿಯಾ ಟೆಕ್ ಮತ್ತು ನಮ್ಮ ರಾಜ್ಯದ್ದೇ ಆದ ರಟ್ಗರ್ಸ್ ಎಂದು ಐದು ಹೆಸರುಗಳನ್ನು ಬರೆದಿಟ್ಟುಕೊಂಡಿದ್ದಾಳೆ. ರ‍್ಯಾಂಕಿಂಗ್ ಪಟ್ಟಿಯನ್ನು ನೋಡಿ ಆರಿಸಿದರೆ ಸಾಕೆ? ಎರಡು ದೋಣಿಯ ಮೇಲೆ ಕಾಲಿಟ್ಟಂತಾಗುತ್ತದೆಯೋ ಎಂಬ ಭಯವೂ ನನಗಿದೆ.
– ಒಬ್ಬ ತಾಯಿ

ಉತ್ತರ: ನಿಮ್ಮ ಭಯ ಸಹಜವಾದದ್ದೇ, ಅಮ್ಮ. ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣ ಶುರುವಾಗುವುದು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿ ಮುಗಿದ ಮೇಲೆ, ಮತ್ತು ಆ ಪದವಿ ಯಾವ ವಿಷಯದಲ್ಲಿದ್ದರೂ ನಡೆಯುತ್ತದೆ. ಹಾಗಾಗಿ ಮಗಳು ಈಗಲೇ ಎರಡರಲ್ಲಿ ಒಂದನ್ನು ಕೈಬಿಡಬೇಕಾಗಿಲ್ಲ. ಆದರೆ ಈ ನಾಲ್ಕು ವರ್ಷಗಳಲ್ಲಿ ಅವಳ ಮನಸ್ಸು ಬದಲಾಗಿ ಒಂದು ಆಸೆ ಹಿಂದೆ ಸರಿದರೂ ಇನ್ನೊಂದನ್ನು ನೆಮ್ಮದಿಯಿಂದ ಮುಂದುವರಿಸಲು ಆ ಕಾಲೇಜಿನಲ್ಲಿ ಅವಕಾಶವಿದೆಯೆ ಎಂಬುದನ್ನು ನೀವು ಮೊದಲು ನೋಡಬೇಕು. ಇದಕ್ಕೆ ರ‍್ಯಾಂಕಿಂಗ್ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರ ಸಿಗುವುದು ಪಠ್ಯಯೋಜನೆಯಲ್ಲಿ. ಬಯೋಮೆಡಿಕಲ್ ವಿಭಾಗಗಳು ನಾಲ್ಕು ವರ್ಷಗಳ ಮಾದರಿ ಯೋಜನೆಯನ್ನು ಸಾಮಾನ್ಯವಾಗಿ ತಮ್ಮ ಜಾಲತಾಣದಲ್ಲಿಯೇ ಹಾಕಿರುತ್ತವೆ. ಐದೂ ಕಾಲೇಜುಗಳ ಯೋಜನೆಗಳನ್ನು ಮುದ್ರಿಸಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆಡಿಕಲ್ ಸ್ಕೂಲ್‌ಗಳು ಸಾಮಾನ್ಯವಾಗಿ ಕೇಳುವ ಕೋರ್ಸ್‌ಗಳಿಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಒಂದೊಂದು ವರ್ಷದ ಜೀವಶಾಸ್ತ್ರ, ಭೌತಶಾಸ್ತ್ರ ಮತ್ತು ಸಾಮಾನ್ಯ ರಸಾಯನಶಾಸ್ತ್ರ, ಅವುಗಳ ಲ್ಯಾಬ್‌ಗಳು, ಸಾವಯವ ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಭೌತಶಾಸ್ತ್ರವೂ ಗಣಿತವೂ ಎಂಜಿನಿಯರಿಂಗ್ ಪಾಠಕ್ರಮದಲ್ಲಿಯೇ ಇರುವುದರಿಂದ ಅವುಗಳ ಚಿಂತೆ ಬೇಡ. ತೊಡಕಾಗುವುದು ಸಾವಯವ ರಸಾಯನಶಾಸ್ತ್ರದ ಎರಡನೆಯ ಭಾಗ, ಅದರ ಲ್ಯಾಬ್ ಮತ್ತು ಜೀವರಸಾಯನಶಾಸ್ತ್ರದಲ್ಲಿ. ಇವು ಎಂಜಿನಿಯರಿಂಗ್ ಪದವಿಗೆ ಕಡ್ಡಾಯವಲ್ಲದ ಕಡೆ, ಡಿಫರೆನ್ಷಿಯಲ್ ಸಮೀಕರಣ, ಸರ್ಕ್ಯೂಟ್ ಮತ್ತು ಶರೀರಕ್ರಿಯಾಶಾಸ್ತ್ರ ಒಟ್ಟಿಗೆ ಬರುವ ಸೆಮಿಸ್ಟರ್‌ನಲ್ಲಿಯೇ ಇವನ್ನೂ ತುರುಕಬೇಕಾಗುತ್ತದೆ. ಮೆಡಿಕಲ್ ಸ್ಕೂಲ್‌ಗಳು ಕೇಳಿದರೂ ಯೋಜನೆಯಲ್ಲಿ ಇಲ್ಲದ ಕೋರ್ಸ್‌ಗಳು ಐಚ್ಛಿಕ ವಿಷಯಗಳ ಜಾಗದಲ್ಲಿ ಹಿಡಿಸುತ್ತವೆಯೆ, ಇಲ್ಲವೆ ಬೇಸಿಗೆ ರಜೆಯನ್ನು ತಿನ್ನುತ್ತವೆಯೆ ಎಂದು ಎಣಿಸಿ ನೋಡಿ. ಮೆಡಿಕಲ್ ಸ್ಕೂಲ್ ಪ್ರವೇಶಕ್ಕೆ ಬರೆಯಬೇಕಾದ ಎಂಕ್ಯಾಟ್ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದು ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರವನ್ನೂ ಒಳಗೊಂಡಿರುವುದರಿಂದ ಅದಕ್ಕೂ ಒಂದಿಷ್ಟು ಸ್ಥಳ ಬೇಕು. ಒಂದು ಸಂಜೆಯ ಈ ಕೆಲಸ ಹತ್ತು ಪ್ರಚಾರ ಪುಸ್ತಿಕೆಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಪ್ರವೇಶದ ನಿಯಮವನ್ನೂ ವಿಚಾರಿಸಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಕ್ಕಿಯೂ ಬಯೋಮೆಡಿಕಲ್ ವಿಭಾಗಕ್ಕೆ ಸಿಗದೆ ಹೋಗಬಹುದು. ಅಂಥ ಪತ್ರ ಬಂದರೆ ಅಲ್ಲಿಗೇ ಹೋಗಬೇಕೆ ಎಂಬುದನ್ನು ಪತ್ರ ಬರುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ.

ಇನ್ನು, ನಾನು ಬಹಳ ತೂಕ ಕೊಡುವ ವಿಷಯವೆಂದರೆ ಆಸ್ಪತ್ರೆ ಎಷ್ಟು ಹತ್ತಿರದಲ್ಲಿದೆ ಎಂಬುದು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ವಿದ್ಯುತ್ ಕಡಿತವಾದಾಗ, ಗೋಡೆಯ ಪ್ಲಗ್ಗಿನಿಂದ ನಡೆಯುತ್ತಿದ್ದ, ಹೃದಯದ ಬಡಿತವನ್ನು ಕ್ರಮದಲ್ಲಿಡುವ ಪೇಸ್‌ಮೇಕರ್‌ಗಳನ್ನೇ ನಂಬಿದ್ದ ಮಕ್ಕಳ ಪ್ರಾಣಕ್ಕೆ ಕುತ್ತು ಬಂದಿತು. ಹೃದಯ ಶಸ್ತ್ರಚಿಕಿತ್ಸಕರಾದ ವಾಲ್ಟನ್ ಲಿಲಹೈ ಅವರು, ವಿಶ್ವವಿದ್ಯಾಲಯದ ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಎಲೆಕ್ಟ್ರಿಕಲ್ ಎಂಜಿನಿಯರ್ ಅರ್ಲ್ ಬಕೆನ್ ಅವರಿಗೆ ಪರಿಹಾರ ಹುಡುಕುವಂತೆ ಹೇಳಿದರು. ಸುಮಾರು ನಾಲ್ಕು ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ, ರೋಗಿಯ ಮೈಮೇಲೆ ಕಟ್ಟಿಕೊಳ್ಳಬಹುದಾದ ಪುಟ್ಟ ಪೇಸ್‌ಮೇಕರ್ ಸಿದ್ಧವಾಯಿತು. ಅದು ಸಾಧ್ಯವಾದದ್ದು ಎಂಜಿನಿಯರ್ ದಿನನಿತ್ಯ ವಾರ್ಡಿನಲ್ಲಿ ಓಡಾಡುತ್ತಿದ್ದುದರಿಂದ. ನಿಮ್ಮ ಮಗಳಿಗೂ ತರಗತಿ ಮುಗಿಸಿ ನಡೆದುಹೋಗಿ ವೈದ್ಯರ ಜೊತೆ ಎರಡು ಗಂಟೆ ನಿಂತು ನೋಡುವ ಅನುಕೂಲವಿದ್ದರೆ, ವೈದ್ಯಳಾಗುವುದು ತನಗೆ ನಿಜವಾಗಿಯೂ ಬೇಕೆ ಎಂಬುದು ಎರಡನೆಯ ವರ್ಷದೊಳಗೆ ಅವಳಿಗೇ ಗೊತ್ತಾಗುತ್ತದೆ.

ಈ ದೃಷ್ಟಿಯಿಂದ ಹ್ಯೂಸ್ಟನ್‌ನ ರೈಸ್‌ಗೆ ದೊಡ್ಡ ಅನುಕೂಲವಿದೆ, ಹಲವು ಆಸ್ಪತ್ರೆಗಳ ಸಮೂಹವಾದ ಟೆಕ್ಸಸ್ ಮೆಡಿಕಲ್ ಸೆಂಟರ್ ಅದರ ರಸ್ತೆಯ ಆಚೆ ಬದಿಯಲ್ಲಿದೆ. ಡ್ಯೂಕ್‌ನ ಆಸ್ಪತ್ರೆ ಕ್ಯಾಂಪಸ್‌ಗೆ ಹೊಂದಿಕೊಂಡೇ ಇದೆ. ಜಾರ್ಜಿಯಾ ಟೆಕ್ ಮತ್ತು ಮೆಡಿಕಲ್ ಸ್ಕೂಲ್ ಇರುವ ಎಮರಿ ವಿಶ್ವವಿದ್ಯಾಲಯಗಳು 1997ರಲ್ಲಿ ಸೇರಿ ಕಟ್ಟಿದ ಜಂಟಿ ವಿಭಾಗ ಬಹಳ ಗಟ್ಟಿಯಾದದ್ದು, ಆದರೆ ಎರಡು ಕ್ಯಾಂಪಸ್‌ಗಳು ಅಕ್ಕಪಕ್ಕದಲ್ಲಿಲ್ಲವಾದ್ದರಿಂದ ಓಡಾಟದ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು. ರಟ್ಗರ್ಸ್‌ನ ಬಯೋಮೆಡಿಕಲ್ ವಿಭಾಗ ಪಿಸ್ಕಾಟವೇಯಲ್ಲಿದೆ, ರಾಬರ್ಟ್ ವುಡ್ ಜಾನ್ಸನ್ ಮೆಡಿಕಲ್ ಸ್ಕೂಲ್ ಕೂಡ ಅದೇ ಊರಿನಲ್ಲಿದೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ಶುಲ್ಕವೂ ಕಡಿಮೆ. ಪದವಿಯ ನಂತರ ಇನ್ನೂ ನಾಲ್ಕು ವರ್ಷ ಮೆಡಿಕಲ್ ಸ್ಕೂಲಿನ ದುಬಾರಿ ಶುಲ್ಕ ಕಾದಿರುವಾಗ, ಮೊದಲ ನಾಲ್ಕು ವರ್ಷಗಳಿಗೇ ಸಾಲ ಮಾಡುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ರಟ್ಗರ್ಸ್ ಕೊನೆಯಲ್ಲಿದೆ, ಅದನ್ನು ಮೇಲಕ್ಕೆ ತನ್ನಿ ಎಂದೇ ನಾನು ಹೇಳುತ್ತೇನೆ.

ಕಾಲೇಜು ನೋಡಲು ಹೋದಾಗ, ‘ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ಮೆಡಿಕಲ್ ಸೀಟು ಸಿಗುತ್ತದೆ’ ಎಂಬ ಮಾತನ್ನು ಕೇಳುತ್ತೀರಿ. ಆ ಲೆಕ್ಕ ಯಾರನ್ನು ಕುರಿತದ್ದು ಎಂದು ತಪ್ಪದೆ ಕೇಳಿ. ಅರ್ಜಿ ಹಾಕಿದವರನ್ನಷ್ಟೇ ಎಣಿಸಿದ್ದಾರೆಯೇ, ಮೊದಲ ವರ್ಷದಲ್ಲಿ ವೈದ್ಯರಾಗಬೇಕೆಂದು ಹೊರಟು ನಡುವೆ ಕೈಬಿಟ್ಟವರನ್ನೂ ಎಣಿಸಿದ್ದಾರೆಯೇ? ಬಯೋಮೆಡಿಕಲ್ ವಿದ್ಯಾರ್ಥಿಗಳ ಲೆಕ್ಕವೇ ಬೇರೆಯಾಗಿ ಇದ್ದರೆ ಅದನ್ನೂ ಕೇಳಿ ಪಡೆಯಿರಿ.

ವೈದ್ಯಕೀಯದ ಆಸೆ ಹಿಂದೆ ಸರಿದರೆ ಪದವಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅದಕ್ಕಾಗಿ ಆ ಪದವಿಗೆ ಎಬಿಇಟಿ (ಎಂಜಿನಿಯರಿಂಗ್ ಪದವಿಗಳ ಗುಣಮಟ್ಟವನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇದೆಯೆ ಎಂದು ಖಚಿತಪಡಿಸಿಕೊಳ್ಳಿ. ಈ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಪದವಿಗೆ ಪ್ರತ್ಯೇಕವಾಗಿ ಸಿಗುವಂಥದ್ದು. ಚಿಕಿತ್ಸೆ ಮತ್ತು ಸಂಶೋಧನೆ ಎರಡನ್ನೂ ಮಾಡುವ ಹಂಬಲವಿದ್ದರೆ ಎಂಡಿ (ಅಮೆರಿಕದಲ್ಲಿ ವೈದ್ಯರಾಗಲು ಓದುವ ಪದವಿ) ಮತ್ತು ಪಿಎಚ್‌ಡಿ ಎರಡನ್ನೂ ಸೇರಿಸಿದ ಎಂಡಿ-ಪಿಎಚ್‌ಡಿ ಎಂಬ ಜಂಟಿ ಮಾರ್ಗವೂ ಇದೆ.

ಪ್ರಶ್ನೆ: ನಾನು ಬಯೋಮೆಡಿಕಲ್ ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿದ್ದೇನೆ. ಕೋರ್ಸ್‌ಗಳು ಕಠಿಣವಾಗಿರುವುದರಿಂದ ಜಿಪಿಎ (ಗ್ರೇಡ್‌ಗಳ ಸರಾಸರಿ) ಸ್ವಲ್ಪ ಕಡಿಮೆಯಾದರೂ ಮೆಡಿಕಲ್ ಸ್ಕೂಲ್‌ಗಳು ಅರ್ಥಮಾಡಿಕೊಳ್ಳುತ್ತವೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ನಿಜವೆ?
– ಒಬ್ಬ ವಿದ್ಯಾರ್ಥಿ

ಉತ್ತರ: ಆ ಭರವಸೆಯ ಮೇಲೆ ನಡೆಯಬೇಡಿ. ಎಂಜಿನಿಯರಿಂಗ್ ಓದಿದವರೆಂದು ರಿಯಾಯಿತಿ ಸಿಕ್ಕರೂ ಅದು ಅಲ್ಪವೇ. ಎಂಡಿ ಪ್ರವೇಶದ ಅರ್ಜಿಯಲ್ಲಿ ಒಟ್ಟು ಜಿಪಿಎ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತ ಈ ನಾಲ್ಕರದ್ದೇ ಇನ್ನೊಂದು ಜಿಪಿಎ ತೆಗೆಯುತ್ತಾರೆ. ಎಂಜಿನಿಯರಿಂಗ್ ಕೋರ್ಸ್‌ಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಅಂದರೆ ಸರ್ಕ್ಯೂಟ್ ಲ್ಯಾಬಿಗಾಗಿ ನೀವು ನಿದ್ದೆಗೆಟ್ಟು ಪಡೆದ ಒಳ್ಳೆಯ ಗ್ರೇಡ್, ರಸಾಯನಶಾಸ್ತ್ರದಲ್ಲಿ ಬಿದ್ದ ಪೆಟ್ಟನ್ನು ಆ ಲೆಕ್ಕದಲ್ಲಿ ಸರಿದೂಗಿಸುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸುವ ಮೊದಲು ವೈದ್ಯಕೀಯ ಮಾರ್ಗದ ಸಲಹೆಗಾರರನ್ನೂ ನಿಮ್ಮ ವಿಭಾಗದ ಸಲಹೆಗಾರರನ್ನೂ ಬೇರೆಬೇರೆಯಾಗಿ ಕಾಣಿರಿ, ಮತ್ತು ಸಾವಯವ ರಸಾಯನಶಾಸ್ತ್ರ ಬರುವ ಸೆಮಿಸ್ಟರ್‌ನಲ್ಲಿ ಸಾಧ್ಯವಾದರೆ ಒಂದು ಎಂಜಿನಿಯರಿಂಗ್ ಕೋರ್ಸನ್ನು ಮುಂದಕ್ಕೆ ಹಾಕಿ.