ಮೊದಲು ರಿಜೆಕ್ಷನ್ ಪುಸ್ತಕದಲ್ಲಿ ಹೆಸರು ಬರೆಯುವುದನ್ನು ನಿಲ್ಲಿಸಿ

ಹೊಸದೇನಾದರೂ ಮಾಡಿ ನೋಡಿ ಅಂತ ಎಷ್ಟು ಹೇಳಿದರೂ ಟೀಮಿನಲ್ಲಿ ಯಾರೂ ಮುಂದೆ ಬರುತ್ತಿಲ್ಲ, ಲೀಡರ್ ಆಗಿ ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ನನಗೂ ಇದೇ ತಲೆನೋವು ಇತ್ತು. ಅವರಿಗೆ ಐಡಿಯಾ ಇಲ್ಲ ಅಂದುಕೊಳ್ಳಬೇಡಿ. ಇದೆ. ಆದರೆ ಅವರು ಲೆಕ್ಕ ಹಾಕಿದ್ದಾರೆ: ಸರಿಹೋದರೆ ಕಂಪನಿಗೆ ಲಾಭ, ಕೆಟ್ಟರೆ ನನ್ನ ತಲೆಗೆ. ಈ ಲೆಕ್ಕ ಬದಲಾಗದೆ ಬರೀ ಮಾತಿನಿಂದ ಏನೂ ಆಗುವುದಿಲ್ಲ.

ನಮ್ಮಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತಾ ಕಟ್ ಮಾಡುವ ಕಂಪ್ಯೂಟರ್ ಮಷಿನ್‌ನಲ್ಲಿ, ಸ್ಟೇನ್‌ಲೆಸ್ ಸ್ಟೀಲಿನ ಒಂದು ಪೀಸ್ ಮಾಡುತ್ತೇವೆ. ಕಟ್ ಮಾಡುವಾಗ ಬರುವ ಲೋಹದ ಸಿಪ್ಪೆ, ಅಂದರೆ ಚಿಪ್, ತುಂಡಾಗದೆ ದಾರದ ಹಾಗೆ ಉದ್ದಕ್ಕೆ ಬಂದು ಪೀಸಿಗೇ ಸುತ್ತಿಕೊಳ್ಳುತ್ತಿತ್ತು, ಆಪರೇಟರ್ ಪ್ರತಿ ಸಲ ಮಷಿನ್ ನಿಲ್ಲಿಸಿ, ಬಾಗಿಲು ತೆಗೆದು, ಕೊಕ್ಕೆ ಹಾಕಿ ಎಳೆಯಬೇಕಿತ್ತು. ಒಂದು ದಿನ ಟೀ ಕುಡಿಯುವಾಗ ಆ ಹುಡುಗ, "ಸಾರ್, ಫೀಡ್ ಜಾಸ್ತಿ ಮಾಡಿದ್ರೆ ಚಿಪ್ ದಪ್ಪ ಆಗಿ ತುಂಡಾಗುತ್ತೆ" ಅಂದ. ಫೀಡ್ ಅಂದರೆ ಪೀಸ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಮುಂದೆ ಹೋಗುತ್ತದೆ ಅನ್ನುವುದು. ಮತ್ತೆ ಯಾಕಪ್ಪಾ ಮಾಡಿಲ್ಲ ಎಂದೆ. ಹಿಂದೊಮ್ಮೆ ನೈಟ್ ಶಿಫ್ಟಿನಲ್ಲಿ ಮಾಡಿ ನೋಡಿದ್ದನಂತೆ, ಮೂವತ್ತು ಪೀಸ್ ರಿಜೆಕ್ಟ್ ಆಗಿ ಬೆಳಿಗ್ಗೆ ಎಲ್ಲರ ಮುಂದೆ ಬೈಸಿಕೊಂಡಿದ್ದನಂತೆ. ಬೈದವನು ನಾನೇ. ನನಗೆ ಮರೆತೇ ಹೋಗಿತ್ತು, ಅವನಿಗೆ ಮರೆತಿರಲಿಲ್ಲ.

ಅವತ್ತು ನಾನು ಮಾಡಿದ ಮೊದಲ ಕೆಲಸ, ಕೆಟ್ಟ ಪೀಸುಗಳ ಲೆಕ್ಕ ಬರೆದಿಡುವ ರಿಜೆಕ್ಷನ್ ಪುಸ್ತಕದಲ್ಲಿ "ಯಾರಿಂದ" ಅಂತ ಇದ್ದ ಕಾಲಂ ಹೊಡೆದು "ಯಾಕೆ" ಅಂತ ಬರೆದದ್ದು. ಆಮೇಲೆ 20 ಪೀಸಿಗೆ ಬೇಕಾದ ಮೆಟೀರಿಯಲ್ಲನ್ನು ಟ್ರಯಲ್ ಅಂತ ನನ್ನ ಸಹಿಯಲ್ಲೇ ಬೇರೆ ತೆಗೆಸಿಟ್ಟೆ. ಅಂದರೆ ಅಷ್ಟೂ ಸ್ಕ್ರ್ಯಾಪ್ ಆದರೂ ಅದು ನನ್ನ ಲೆಕ್ಕಕ್ಕೆ. ಶುರು ಮಾಡುವ ಮುಂಚೆ ಏನೇನು ನೋಡಬೇಕು ಅಂತ ಬರೆದುಕೊಂಡೆವು: ಸೈಜ್, ಫಿನಿಶ್ (ಮೇಲ್ಮೈ ಎಷ್ಟು ನಯವಾಗಿದೆ), ಚಿಪ್, ಕಟ್ ಮಾಡುವ ಇನ್ಸರ್ಟ್‌ನ ಒಂದು ಅಂಚು ಎಷ್ಟು ಪೀಸ್ ತಡೆಯುತ್ತದೆ. ಇದನ್ನು ಮೊದಲೇ ಬರೆಯಲೇಬೇಕು. ಇಲ್ಲದಿದ್ದರೆ ಆಮೇಲೆ ಏನು ಬಂತೋ ಅದನ್ನೇ ಗೆಲುವು ಅಂತ ಹೇಳಿಕೊಳ್ಳುತ್ತೇವೆ, ಅಲ್ವಾ?

ಮೊದಲ ಟ್ರಯಲ್ ಕೆಟ್ಟಿತು. ಫೀಡ್ ಸುತ್ತಿಗೆ 0.08 ಮಿ.ಮೀ.ನಿಂದ 0.15 ಮಿ.ಮೀ.ಗೆ ಏರಿಸಿದಾಗ ಚಿಪ್ ಚೆನ್ನಾಗಿ ತುಂಡಾಯಿತು, ಆದರೆ ಫಿನಿಶ್ ಡ್ರಾಯಿಂಗ್‌ನಲ್ಲಿರುವ ಮಿತಿ ದಾಟಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಕೇಳಿದ್ದು ಇಷ್ಟೇ, ಇದರಿಂದ ನಮಗೇನು ಗೊತ್ತಾಯಿತು? ಆಗ ಅವನೇ ಹೇಳಿದ, ಕೊನೆಯ ಫಿನಿಶ್ ಕಟ್‌ಗೆ ಹಳೆಯ ಫೀಡ್ ಇರಲಿ, ಮೊದಲು ಹೊಡೆಯುವ ರಫ್ ಕಟ್‌ಗೆ ಮಾತ್ರ ಏರಿಸೋಣ ಅಂತ. ಎರಡನೇ ಟ್ರಯಲ್‌ನಲ್ಲಿ ಅದು ಕೆಲಸ ಮಾಡಿತು. ಮಷಿನ್ ನಿಲ್ಲಿಸುವುದು ಬಹಳ ಕಡಿಮೆಯಾಯಿತು. ಆದರೆ ಮುಖ್ಯವಾದದ್ದು ಅದಲ್ಲ. ಮರುವಾರ ಪಕ್ಕದ ಮಷಿನ್ ಹುಡುಗ ಕೂಲೆಂಟ್ (ಕಟ್ ಆಗುವ ಕಡೆ ತಣ್ಣಗಿಡಲು ಸುರಿಯುವ ದ್ರವ) ಬಗ್ಗೆ ಒಂದು ಮಾತು ಹೇಳಲು ತಾನಾಗಿಯೇ ಬಂದ.

ಇದು ಸಣ್ಣ ಶಾಪಿನ ಕಥೆ ಮಾತ್ರ ಅಲ್ಲ. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಜಾಹೀರಾತಿನ ತಲೆಬರಹ ತೋರಿಸುವ ರೀತಿ ಬದಲಾಯಿಸೋಣ ಅಂತ ಒಬ್ಬ ಉದ್ಯೋಗಿ ಹೇಳಿದ್ದ ಐಡಿಯಾ ಆರು ತಿಂಗಳಿಗೂ ಜಾಸ್ತಿ ಹಾಗೇ ಮೂಲೆಯಲ್ಲಿ ಬಿದ್ದಿತ್ತು, ಯಾಕೆಂದರೆ ಮೇಲಿನವರಿಗೆ ಅದು ಅಷ್ಟೇನೂ ದೊಡ್ಡದು ಅನ್ನಿಸಿರಲಿಲ್ಲ. 2012ರಲ್ಲಿ ಒಬ್ಬ ಇಂಜಿನಿಯರ್ ಸಣ್ಣ ಕೆಲಸ ತಾನೇ ಅಂತ, ಕೆಲವರಿಗೆ ಹಳೆಯದು ಕೆಲವರಿಗೆ ಹೊಸದು ತೋರಿಸಿ ಪರೀಕ್ಷೆ ಮಾಡಿದ. ಆದಾಯ ಶೇ. 12ರಷ್ಟು ಏರಿತು, ಅಮೆರಿಕದಲ್ಲೇ ವರ್ಷಕ್ಕೆ 10 ಕೋಟಿ ಡಾಲರ್‌ಗೂ ಮಿಕ್ಕಿ. ಹಾಗಂತ ಎಲ್ಲವೂ ಗೆಲ್ಲುವುದಿಲ್ಲ. ಅಲ್ಲಿ ಈ ಪರೀಕ್ಷೆಗಳ ತಂಡ ನಡೆಸಿದ ರಾನ್ ಕೊಹಾವಿ ಅವರೇ ಬರೆದಿದ್ದಾರೆ, ಬಿಂಗ್‌ನಲ್ಲಿ ಒಳ್ಳೆಯ ಫಲ ಕೊಡುವುದು ನೂರು ಪರೀಕ್ಷೆಗಳಲ್ಲಿ 10ರಿಂದ 20 ಮಾತ್ರ. ಅಂಥ ಕಡೆಯೇ ಹೀಗೆ ಅಂದ ಮೇಲೆ ನಮ್ಮ ಹುಡುಗರ ಮೊದಲ ಪ್ರಯತ್ನವೇ ಗೆಲ್ಲಬೇಕು ಅಂತ ಕಾಯುವುದು ಅನ್ಯಾಯ.

ಟೊಯೊಟಾದ ಆಂಡನ್ ಹಗ್ಗದ ಬಗ್ಗೆ ಕೇಳಿರಬಹುದು. ತೊಂದರೆ ಕಂಡರೆ ಕೆಲಸಗಾರ ಹಗ್ಗ ಎಳೆಯುತ್ತಾನೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಬರುವ ಲೀಡರ್ "ಯಾಕೆ ಎಳೆದೆ" ಅಂತ ಗದರಿದರೆ ಆ ಹಗ್ಗ ಸುಮ್ನೆ ನೇತಾಡುತ್ತಿರುತ್ತದೆ, ಅಷ್ಟೇ.

ಒಂದು ಗೆರೆ ಮಾತ್ರ ಹಾಕಿಕೊಳ್ಳಿ. ನಮ್ಮಲ್ಲಿ ಚಕ್ ಪ್ರೆಶರ್ (ತಿರುಗುವ ಪೀಸನ್ನು ಹಿಡಿದಿಡುವ ಒತ್ತಡ) ಮತ್ತು ಬಾಗಿಲಿನ ಇಂಟರ್‌ಲಾಕ್ (ಬಾಗಿಲು ತೆರೆದಿದ್ದರೆ ಮಷಿನ್ ಓಡದ ಹಾಗೆ ತಡೆಯುವ ವ್ಯವಸ್ಥೆ) ಮುಟ್ಟುವ ಹಾಗೇ ಇಲ್ಲ. ಪೀಸ್ ಹೋದರೆ ಇನ್ನೊಂದು ಮಾಡಬಹುದು, ಕೈ ಹೋದರೆ ಬರುವುದಿಲ್ಲ. ಈ ಗೆರೆ ಎಲ್ಲರಿಗೂ ಗೊತ್ತಿದ್ದರೆ ಉಳಿದದ್ದರಲ್ಲಿ ಧೈರ್ಯವಾಗಿ ಕೈ ಹಾಕುತ್ತಾರೆ.

ನಿಮ್ಮದು ಯಾವ ಕೆಲಸ ಅಂತ ಬರೆದಿಲ್ಲ. ಯಾವುದೇ ಆಗಲಿ, ಹಿಂದೆ ಏನೋ ಮಾಡಲು ಹೋಗಿ ನಿಮ್ಮಿಂದಲೇ ಬೈಸಿಕೊಂಡವರು ಒಬ್ಬರಾದರೂ ಇರುತ್ತಾರೆ. ಮೊದಲು ಅವರ ಹತ್ತಿರ ಹೋಗಿ ಕೂತು ಮಾತಾಡಿ. ನಾನು ಆ ಹುಡುಗನಿಗೆ ಎಲ್ಲರ ಮುಂದೆಯೇ ಸಾರಿ ಕೇಳಿದೆ, ಯಾಕೆಂದರೆ ಬೈದದ್ದೂ ಎಲ್ಲರ ಮುಂದೆಯೇ.