ಮೂರನೇ ದೃಶ್ಯದ ಡೋಲಿಗೆ ಕತ್ತರಿ ಹಾಕಬೇಡಿ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸಂಕಟ ಆಯಿತು. ನೈಜೀರಿಯಾದ ನಾಟಕಕಾರ ವೋಲೆ ಸೋಯಿಂಕಾರ 'ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್' ಕನ್ನಡದಲ್ಲಿ ಆಡಬೇಕು, ಆದರೆ ಮೂರನೇ ದೃಶ್ಯದ ಡೋಲು, ಕುಣಿತ, ಮೈದುಂಬುವುದು ಎಲ್ಲ ನಮ್ಮ ಪ್ರೇಕ್ಷಕರಿಗೆ ಜಾಸ್ತಿ ಆಗುತ್ತೆ, ಅದನ್ನು ಕತ್ತರಿಸಿ ಬ್ರಿಟಿಷರ ವಿರುದ್ಧದ ಪ್ರತಿಭಟನೆ ಮಾತ್ರ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನು ಅದನ್ನೇ ಮಾಡಿದ್ದೆ.

ನಮ್ಮದು ಹವ್ಯಾಸಿ ತಂಡ. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ಮೆಡಿಕಲ್ ಶಾಪಿನವನು. ನಾನು ನಿರ್ದೇಶಕ. ನಾಟಕ ಗೊತ್ತಿಲ್ಲದವರಿಗೆ ಎರಡು ಸಾಲು: ನೈಜೀರಿಯಾದ ಓಯೋ ಪಟ್ಟಣ. ರಾಜ ಸತ್ತು ತಿಂಗಳಾಗಿದೆ. ಅಲ್ಲಿನ ಯೊರೂಬಾ ಜನರ ಪದ್ಧತಿಯಂತೆ ರಾಜನ ಅಶ್ವಪಾಲಕ ಎಲೆಸಿನ್ ಆ ರಾತ್ರಿ ತಾನಾಗಿ ಪ್ರಾಣ ಬಿಟ್ಟು ಅವನ ಹಿಂದೆ ಹೋಗಬೇಕು. ಬ್ರಿಟಿಷ್ ಅಧಿಕಾರಿ ಪಿಲ್ಕಿಂಗ್ಸ್ ತಡೆಯುತ್ತಾನೆ. ಇಂಗ್ಲೆಂಡಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಗ ಒಲುಂಡೆ ಅಪ್ಪನ ಜಾಗದಲ್ಲಿ ಸಾಯುತ್ತಾನೆ. 1940ರ ದಶಕದಲ್ಲಿ ಓಯೋದಲ್ಲಿ ನಡೆದದ್ದೊಂದು ಘಟನೆ ಇದರ ಮೂಲ. ಡುರೋ ಲಾಡಿಪೊ ಯೊರೂಬಾ ಭಾಷೆಯಲ್ಲೇ ಅದನ್ನು ನಾಟಕ ಮಾಡಿದ್ದರು, ಸೋಯಿಂಕಾರದ್ದು ಆಮೇಲೆ, 1975ರಲ್ಲಿ ಬಂತು.

ನಾನು ಓದಿಕೊಂಡಿದ್ದು ಹೀಗೆ: ಪಿಲ್ಕಿಂಗ್ಸ್ ಖಳನಾಯಕ, ಎಲೆಸಿನ್ ಪಾಪದವನು. ಪೋಸ್ಟರಿನಲ್ಲಿ 'ಎರಡು ಸಂಸ್ಕೃತಿಗಳ ಸಂಘರ್ಷ' ಅಂತ ದಪ್ಪಕ್ಷರದಲ್ಲಿ ಹಾಕಿಸಿದೆ. ಸೋಯಿಂಕಾ ಪುಸ್ತಕದ ಶುರುವಿನಲ್ಲೇ ಆ ಹಣೆಪಟ್ಟಿ ಬೇಡ, ವಸಾಹತು ಆಡಳಿತ ಇಲ್ಲಿ ಬರೀ ಒಂದು ನೆಪ ಅಂತ ನಿರ್ದೇಶಕರಿಗೆ ಬರೆದಿಟ್ಟಿದ್ದಾರೆ. ಮಧ್ಯಂತರ ಬೇಡ ಅಂತಲೂ ಹೇಳಿದ್ದಾರೆ. ನನ್ನ ಕೈಲಿದ್ದ ಜೆರಾಕ್ಸ್ ಪ್ರತಿಯಲ್ಲಿ ಆ ಪುಟ ಇರಲಿಲ್ಲ. ಇದ್ದಿದ್ದರೂ ಓದುತ್ತಿರಲಿಲ್ಲ ಬಿಡಿ.

ಪೋಸ್ಟರನ್ನಾದರೂ ಜನ ಮರೆತರು. ನನ್ನನ್ನು ಮುಳುಗಿಸಿದ್ದು ಡೋಲು.

ಇಬ್ಬರು ಡೊಳ್ಳಿನ ಹುಡುಗರು ಬರ್ತೀವಿ ಅಂದಿದ್ದರು. ಹತ್ತು ದಿನದ ರಿಹರ್ಸಲ್, ಒಂದು ಶೋ, ಎಲ್ಲ ಸೇರಿ 12,000 ರೂಪಾಯಿ. 'ಹಿನ್ನೆಲೆ ಸಂಗೀತಕ್ಕೆ ಅಷ್ಟಾ?' ಅಂದೆ. ನನ್ನ ಇಡೀ ತಪ್ಪು ಆ 'ಹಿನ್ನೆಲೆ' ಅನ್ನೋ ಒಂದು ಪದದಲ್ಲಿದೆ.

ಯಾಕೆ ಅಂತ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯೊರೂಬಾದಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಅಲ್ಲಿನ ಮಾತಾಡುವ ಡೋಲು ನೋಡೋಕೆ ದೊಡ್ಡ ಡಮರು ಥರ. ಕಂಕುಳಲ್ಲಿ ಇಟ್ಟುಕೊಂಡು ಹಗ್ಗ ಹಿಂಡಿದರೆ ಶ್ರುತಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಹಾಗಾಗಿ ಅದು ನಿಜವಾಗಿಯೂ ಮಾತಾಡುತ್ತದೆ. ಮೂರನೇ ದೃಶ್ಯದಲ್ಲಿ ಎಲೆಸಿನ್ ಆ ಡೋಲಿನ ಮಾತು ಕೇಳುತ್ತಾ, ಜನಕ್ಕೆ ಅರ್ಥ ಹೇಳುತ್ತಾ, ಹೆಜ್ಜೆ ಭಾರವಾಗುತ್ತಾ ಆಚೆಗೆ ಜಾರುತ್ತಾನೆ. ಹೊಗಳುಭಟ್ಟ 'ನನ್ನ ದನಿ ಕೇಳ್ತಿದೆಯಾ' ಅಂತ ಕೇಳುತ್ತಲೇ ಇರುತ್ತಾನೆ. ಅಂದರೆ ಡೋಲೂ ಅಲ್ಲಿ ಒಂದು ಪಾತ್ರ. ಅದರ ಜಾಗಕ್ಕೆ ಇಂಟರ್ನೆಟ್‌ನಿಂದ ಇಳಿಸಿದ ನಾಲ್ಕು ನಿಮಿಷದ ಟ್ರ್ಯಾಕ್ ಹಾಕುವುದೂ ಒಂದೇ, ನಟನೊಬ್ಬನ ಬದಲು ಅವನ ಫೋಟೋ ನಿಲ್ಲಿಸುವುದೂ ಒಂದೇ. ನಾನು ಅದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡೆ, ದೃಶ್ಯವನ್ನೂ ನಾಲ್ಕು ನಿಮಿಷಕ್ಕೆ ಕತ್ತರಿಸಿದೆ.

ಶೋ ದಿನ ನಮ್ಮ ಎಲೆಸಿನ್, ಬ್ಯಾಂಕಿನ ಕ್ಯಾಷಿಯರ್, ಯಾವತ್ತೂ ಇಲ್ಲದ ಹಾಗೆ ಪಾತ್ರದೊಳಕ್ಕೆ ಇಳಿದುಬಿಟ್ಟ. ಕಣ್ಣು ಅರ್ಧ ಮುಚ್ಚಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಟ್ರ್ಯಾಕ್ ಮುಗಿಯಿತು. ನಿಶ್ಶಬ್ದ. ಯಾರೋ ಚಪ್ಪಾಳೆ ಹೊಡೆದರು. ನಾನು ಗಾಬರಿಯಲ್ಲಿ ಅದೇ ಟ್ರ್ಯಾಕನ್ನು ಮೊದಲಿಂದ ಒತ್ತಿದೆ. ಮೊದಲಲ್ಲಿ ಇದ್ದದ್ದು ನಿಧಾನದ ಪೆಟ್ಟು. ಹೋಗಿಬಿಟ್ಟಿದ್ದ ಮನುಷ್ಯ ಟಕ್ಕಂತ ವಾಪಸ್ ಬಂದ. ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಆಮೇಲೆ ಲೈಟ್ ಹಾಕಿ ಕಾಫಿ ಬ್ರೇಕ್ ಕೊಟ್ಟೆವು!

ನಾಲ್ಕನೇ ದೃಶ್ಯ ಇನ್ನೂ ಕೆಟ್ಟಿತು. ದೂರದ ಡೋಲು ನಿಂತದ್ದನ್ನು ಕೇಳಿ ಒಲುಂಡೆ, ಎಲ್ಲ ಮುಗಿಯಿತು, ಅಪ್ಪ ಹೋದ ಅಂದುಕೊಳ್ಳುತ್ತಾನೆ. ನಮ್ಮದು ಅದೇ ಹಳೇ ಟ್ರ್ಯಾಕ್. ಯಾರಿಗೆ ಏನು ಗೊತ್ತಾಗಬೇಕು? ನಾಟಕ ಮುಗಿದ ಮೇಲೆ ಅಜ್ಜಿಯೊಬ್ಬರು ಹತ್ತಿರ ಬಂದು, 'ಅಲ್ಲಪ್ಪ, ಅಂವ ಸಾಯಕ್ಕೆ ಹೊರಟಿದ್ನಾ, ಕುಣಿಯಕ್ಕಾ?' ಅಂತ ಕೇಳಿದರು. ಎರಡನೇ ಶೋ ರದ್ದಾಯಿತು. ಕ್ಯಾಷಿಯರ್ ಮತ್ತೆ ನನ್ನ ನಾಟಕಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಾನೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ನನ್ನ ತಕರಾರು. ಆಚರಣೆ ಒಂದು ಕಡೆ, ಪ್ರತಿಭಟನೆ ಇನ್ನೊಂದು ಕಡೆ ಅಂತ ಎರಡು ಡಬ್ಬಿ ಮಾಡಿದ್ದೀರಿ. ಐದನೇ ದೃಶ್ಯ ಇನ್ನೊಮ್ಮೆ ಓದಿ. ಬಂಧನದಲ್ಲಿರುವ ಎಲೆಸಿನ್, ಸಾಯಬೇಕಿದ್ದ ದಿನವೇ ಮದುವೆಯಾದ ಹೊಸ ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ: ಮೊದಲು ಬಿಳಿಯನನ್ನು ದೂರಿದೆ, ಆಮೇಲೆ ದೇವರನ್ನು, ಆದರೆ ಈ ಭೂಮಿಯ ಆಸೆ ನನ್ನ ಕಾಲನ್ನೇ ಹಿಡಿದುಕೊಂಡಿತ್ತು ಅಂತ. ಜೀವನವಿಡೀ ರಾಜನ ಸಮಕ್ಕೆ ತಿಂದುಂಡ ದೊಡ್ಡ ಮನುಷ್ಯ, ಸಾಲ ತೀರಿಸುವ ಹೊತ್ತಿಗೆ ಹಿಂದೇಟು ಹಾಕಿದ. ನನ್ನ ಪ್ರಕಾರ ನಾಟಕದ ನಿಜವಾದ ಪೆಟ್ಟು ಇದೇ, ಅದು ಸ್ವಂತ ನಾಯಕರ ಬೆನ್ನಿಗೆ. ಮೂರನೇ ದೃಶ್ಯದಲ್ಲಿ ಅವನು ಎಷ್ಟು ದೂರ ಹೋಗಿದ್ದ ಅಂತ ಪ್ರೇಕ್ಷಕ ಕಣ್ಣಾರೆ ನೋಡಿರದಿದ್ದರೆ, ಈ ಪೆಟ್ಟು ಬೀಳುವುದೇ ಇಲ್ಲ. ಆಚರಣೆ ಕತ್ತರಿಸಿದ ಕೂಡಲೇ ನೀವು ಉಳಿಸಿಕೊಳ್ಳಬೇಕು ಅಂದುಕೊಂಡದ್ದೂ ಹೋಯಿತು.

ನಮ್ಮ ಜನಕ್ಕೆ ತಲುಪಲ್ಲ ಅನ್ನೋದಂತೂ ಸುಮ್ನೆ ಮಾತು. ಪಿಲ್ಕಿಂಗ್ಸ್ ದಂಪತಿ, ಪೂರ್ವಜರನ್ನು ಹೊತ್ತು ಬರುವ ಎಗುಂಗುನ್ ವೇಷವನ್ನು ಜಪ್ತಿ ಮಾಡಿ, ಅದನ್ನೇ ತೊಟ್ಟು ಪಾರ್ಟಿಗೆ ಹೊರಡುತ್ತಾರೆ. ಮುಸ್ಲಿಂ ಪೊಲೀಸ್ ಅಮುಸಾ ಕೂಡ ಆ ವೇಷದ ಮುಂದೆ ನಿಂತು ಸಾವಿನ ವಿಚಾರ ಮಾತಾಡಲ್ಲ ಅನ್ನುತ್ತಾನೆ. ದೈವದ ಅಣಿ ಕಟ್ಟಿಕೊಂಡು ಫ್ಯಾನ್ಸಿ ಡ್ರೆಸ್‌ಗೆ ಹೋದರೆ ತುಳುನಾಡಿನವರಿಗೆ ಹೇಗಾಗುತ್ತದೆ ಹೇಳಿ. ನಮ್ಮ ಆ ಕೆಟ್ಟ ಶೋನಲ್ಲೂ ಜನ ಉಸಿರು ಬಿಗಿಹಿಡಿದು ಕೂತದ್ದು ಅಲ್ಲೊಂದೇ ಕಡೆ.

ಬರೀ ಪ್ರತಿಭಟನೆ ಅಂತ ನೀವು ಅಂದುಕೊಂಡಿರುವ ನಾಟಕಗಳೂ ಹಾಗಿಲ್ಲ. ಕೀನ್ಯಾದ ಲಿಮುರು ಹತ್ತಿರ ಕಮಿರೀತು ಅನ್ನೋ ಹಳ್ಳಿ. 1977ರಲ್ಲಿ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಅಲ್ಲಿನ ಗಿಕುಯು ಭಾಷೆಯಲ್ಲಿ ಬರೆದ ನಾಟಕವನ್ನು ರೈತರು, ಫ್ಯಾಕ್ಟರಿ ಕೆಲಸದವರು ತಾವೇ ಕಟ್ಟಿದ ಬಯಲು ರಂಗದಲ್ಲಿ ಆಡಿದರು. ರಿಹರ್ಸಲ್ ಎಲ್ಲರೆದುರೇ. ಹಾಡು, ಹೆಜ್ಜೆ, ಮದುವೆ ಶಾಸ್ತ್ರ ಸರಿಯಿಲ್ಲದಿದ್ದರೆ ಊರಿನ ಹಿರಿಯರು ತಿದ್ದುತ್ತಿದ್ದರು. ಕಥೆ ಏನು ಅಂದರೆ, ಒಂದೂವರೆ ಎಕರೆ ಜಮೀನು, ಅದರ ಪತ್ರ, ಅದನ್ನು ನುಂಗುವ ಸಿರಿವಂತ. ಕೆಲವೇ ವಾರದಲ್ಲಿ ಸರ್ಕಾರ ನಿಲ್ಲಿಸಿತು. ವರ್ಷದ ಕೊನೆಯ ದಿನ ಗೂಗಿ ವಾ ಥಿಯಾಂಗೊ ಅವರನ್ನು ಹಿಡಿದು ವರ್ಷದ ಹತ್ತಿರ ವಿಚಾರಣೆಯಿಲ್ಲದೆ ಜೈಲಿನಲ್ಲಿಟ್ಟರು. 1982ರಲ್ಲಿ ಆ ರಂಗಮಂದಿರವನ್ನೇ ಕೆಡವಿಸಿದರು. ಅದೇ 1977ರಲ್ಲಿ ಬಂದ ಅವರ ಇಂಗ್ಲಿಷ್ ಕಾದಂಬರಿಯನ್ನು ಯಾರೂ ನಿಷೇಧಿಸಲಿಲ್ಲ. ಜನ ತಮ್ಮ ಭಾಷೆಯಲ್ಲಿ, ತಮ್ಮ ಹಾಡಿನಲ್ಲಿ ಒಟ್ಟಿಗೆ ನಿಂತದ್ದಕ್ಕೆ ರಂಗವೇ ನೆಲಸಮ ಆಯಿತು.

ಡೋಲಿನವರು ಸಿಗುವುದೇ ಇಲ್ಲವಾ? ಹಾಗಾದರೆ ಈ ನಾಟಕ ಬಿಡಿ. ದಕ್ಷಿಣ ಆಫ್ರಿಕಾದ ನಾಟಕಕಾರ ಆಥಲ್ ಫುಗಾರ್ಡ್, ನಟರಾದ ಜಾನ್ ಕಾನಿ, ವಿನ್‌ಸ್ಟನ್ ಎನ್‌ಶೋನಾ ಸೇರಿ 1972ರಲ್ಲಿ ಕಟ್ಟಿದ 'ಸಿಜ್ವೆ ಬಾಂಜಿ ಈಸ್ ಡೆಡ್' ತಗೊಳ್ಳಿ, ಇಬ್ಬರು ನಟರು ಸಾಕು. ಸತಿ ಪದ್ಧತಿಗೆ ಹೋಲಿಸಿ ಕಥೆಯನ್ನು ನಮ್ಮೂರಿಗೆ ತರುವ ನಿಮ್ಮ ಐಡಿಯಾ ಬೇಡವೇ ಬೇಡ. ವಿಧವೆಯ ಮೇಲೆ ಹೇರಿದ ಸಾವು ಬೇರೆ, ಅಧಿಕಾರ ಉಂಡವನ ಸಾಲ ಬೇರೆ.

ದುಡ್ಡಿನ ವಿಷಯ ಕೇಳಿದ್ದೀರಿ. ಡೊಳ್ಳಿನ ಹುಡುಗರಿಗೆ 12,000 ಇಲ್ಲ ಅಂದ ನಾನು ಆ ಪಾರ್ಟಿ ದೃಶ್ಯದ ಕೋಟು, ಗೌನುಗಳ ಬಾಡಿಗೆಗೆ 15,000 ಕೊಟ್ಟಿದ್ದೆ. ನಿಮ್ಮ ಬಿಳಿಯರು ಬೇಕಾದರೆ ಪಂಚೆಯಲ್ಲೇ ಬರಲಿ.